ಸಸ್ಯತ್ಯಾಜ್ಯದಿಂದ ಲಿಗ್ನಿನ್ ಉತ್ಪನ್ನಗಳು: ಬಿಡದಿ ಕೈಗಾರಿಕಾ ಪ್ರದೇಶದಲ್ಲಿನ ಅವಕಾಶಗಳು ಮತ್ತು ಇತಿಮಿತಿಗಳು

(ಉದ್ದಿಮೆ ಸ್ಥಾಪಿಸಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

2024ರ ಡಿಸೆಂಬರ್ 21ರಂದು ಮಹಾರಾಷ್ಟ್ರದ ನಾಗಪುರ ಸಮೀಪದ ಮನ್ಸರ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಒಂದು ಭಾಗವನ್ನು ಲಿಗ್ನಿನ್ ಆಧಾರಿತ ಜೈವಿಕ ಡಾಂಬರಿನಿಂದ ನಿರ್ಮಿಸಿ ಉದ್ಘಾಟಿಸಲಾಯಿತು. ನಮ್ಮ ದೇಶವು ತನಗೆ ಬೇಕಾದ ಡಾಂಬರಿನಲ್ಲಿ ಸುಮಾರು ಅರ್ಧದಷ್ಟನ್ನು ಆಮದು ಮಾಡಿಕೊಳ್ಳುತ್ತಿರುವುದರಿಂದ ಈ ಪ್ರಯೋಗವು ಸಹಜವಾಗಿಯೇ ಎಲ್ಲರ ಗಮನ ಸೆಳೆದಿದೆ. ಹೊಲದಲ್ಲಿ ಉಳಿಯುವ ಕಡ್ಡಿ, ಹುಲ್ಲು, ಸಿಪ್ಪೆಗಳಿಂದ ರಸ್ತೆ ನಿರ್ಮಿಸಬಹುದಾದರೆ ಅಂತಹ ಉದ್ದಿಮೆಯನ್ನು ನಮ್ಮ ಜಿಲ್ಲೆಯಲ್ಲಿಯೇ, ವಿಶೇಷವಾಗಿ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ, ಏಕೆ ಆರಂಭಿಸಬಾರದು ಎಂಬುದು ಸಹಜವಾದ ಪ್ರಶ್ನೆಯಾಗಿದೆ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರ ಮೇ ತಿಂಗಳಿನಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಪುನರ್ ನಾಮಕರಣಗೊಂಡ ಈ ಜಿಲ್ಲೆಯು ರೇಷ್ಮೆ, ತೆಂಗು, ಮಾವು, ರಾಗಿ ಬೆಳೆಗಳಿಗೆ ಹೆಸರಾಗಿದೆ. ಇಲ್ಲಿ ಸಸ್ಯತ್ಯಾಜ್ಯಕ್ಕೆ ಕೊರತೆ ಇಲ್ಲ. ಆದರೆ ಕಚ್ಚಾವಸ್ತು ಇದ್ದ ಮಾತ್ರಕ್ಕೆ ಉದ್ದಿಮೆ ನಿಲ್ಲುವುದಿಲ್ಲ. ಅರ್ಜಿದಾರರು ಸಾಲ ಪಡೆಯುವ ಹಾಗೂ ಯಂತ್ರೋಪಕರಣಗಳಿಗೆ ಮುಂಗಡ ಪಾವತಿಸುವ ಮುನ್ನ ವಿಷಯವನ್ನು ಸರಿಯಾಗಿ ಅರಿತುಕೊಳ್ಳಲಿ ಎಂಬ ಉದ್ದೇಶದಿಂದ ಈ ವಿಶ್ಲೇಷಣೆಯನ್ನು ನೀಡಲಾಗಿದೆ.

ಲಿಗ್ನಿನ್ ಎಂದರೇನು?

ಸಸ್ಯಗಳ ಒಡಲು ಮುಖ್ಯವಾಗಿ ಮೂರು ವಸ್ತುಗಳಿಂದ ಕೂಡಿರುತ್ತದೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಕಟ್ಟಡದಲ್ಲಿ ಕಬ್ಬಿಣದ ಸರಳುಗಳನ್ನು ಕಾಂಕ್ರೀಟು ಹಿಡಿದಿಡುವಂತೆ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ ಹಿಡಿದಿಡುತ್ತದೆ. ಮರ ನೆಟ್ಟಗೆ ನಿಲ್ಲುವುದೂ, ಕಾಂಡದೊಳಗೆ ನೀರು ಸೋರದೆ ಮೇಲೇರುವುದೂ, ಕೀಟ ಹಾಗೂ ಶಿಲೀಂಧ್ರಗಳ ದಾಳಿಯನ್ನು ಗಿಡವು ತಡೆದುಕೊಳ್ಳುವುದೂ ಬಹುಮಟ್ಟಿಗೆ ಇದರಿಂದಲೇ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕ್ಯಾಂಡೋಲ್ ಅವರು 19ನೇ ಶತಮಾನದ ಆರಂಭದಲ್ಲಿ, ಮರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಈ ಹೆಸರನ್ನಿಟ್ಟರು.

ಗಟ್ಟಿ ಮರಗಳಲ್ಲಿ ಒಣ ತೂಕದ ಶೇ. 18ರಿಂದ 25ರಷ್ಟು ಹಾಗೂ ಪೈನ್ ಜಾತಿಯ ಮರಗಳಲ್ಲಿ ಶೇ. 25ರಿಂದ 35ರಷ್ಟು ಲಿಗ್ನಿನ್ ಇರುತ್ತದೆ. ಹುಲ್ಲು ಜಾತಿಯ ಬೆಳೆಗಳಲ್ಲಿ ಇದಕ್ಕಿಂತ ಕಡಿಮೆ. ನಮ್ಮ ಭಾಗದ ಬೆಳೆಗಳ ಪೈಕಿ ತೆಂಗಿನ ನಾರಿನಲ್ಲಿ ಇದರ ಪ್ರಮಾಣ ಅತಿ ಹೆಚ್ಚು, ಅಂದರೆ ಶೇ. 40ಕ್ಕೂ ಮೇಲ್ಪಟ್ಟು ಇರುತ್ತದೆ. ತೆಂಗಿನ ನಾರು ನೀರಿನಲ್ಲಿ ಬೇಗ ಕೊಳೆಯದಿರಲು ಇದೇ ಕಾರಣ.

ಸುಟ್ಟಾಗ ಒಂದು ಕಿಲೋಗ್ರಾಂ ಒಣ ಸೆಲ್ಯುಲೋಸ್ ಸುಮಾರು 17 ಮೆಗಾಜೂಲ್ ಶಾಖ ನೀಡಿದರೆ, ಅಷ್ಟೇ ಲಿಗ್ನಿನ್ ಸುಮಾರು 23ರಿಂದ 26 ಮೆಗಾಜೂಲ್ ನೀಡುತ್ತದೆ. ಬಿಸಿ ಮತ್ತು ಒತ್ತಡಕ್ಕೆ ಸಿಲುಕಿದಾಗ ಲಿಗ್ನಿನ್ ಮೆದುವಾಗಿ ಅಂಟಿನಂತೆ ವರ್ತಿಸುತ್ತದೆ. ಈ ಎರಡು ಗುಣಗಳನ್ನು ಅರ್ಜಿದಾರರು ನೆನಪಿನಲ್ಲಿಡುವುದು ಒಳಿತು. ಸಣ್ಣ ಉದ್ದಿಮೆಗಳಿಗೆ ಮೊದಲು ದಕ್ಕುವ ಅವಕಾಶಗಳು ಇವುಗಳಿಂದಲೇ ಬರುತ್ತವೆ.

ಜಗತ್ತಿನ ಅನುಭವ

ರಾಸಾಯನಿಕ ವಿಧಾನದಲ್ಲಿ ಕಾಗದದ ತಿರುಳು ತಯಾರಿಸುವಾಗ ಮರದಿಂದ ಲಿಗ್ನಿನ್ನನ್ನು ಬೇರ್ಪಡಿಸಲಾಗುತ್ತದೆ. ಹೀಗೆ ಹೊರಬರುವ ಕಪ್ಪು ದ್ರಾವಣವನ್ನು ಕಾರ್ಖಾನೆಗಳು ಗಟ್ಟಿಗೊಳಿಸಿ ಬಾಯ್ಲರಿನಲ್ಲಿ ಉರಿಸುತ್ತವೆ. ಅದರಿಂದ ಉಗಿ, ವಿದ್ಯುತ್ ಮತ್ತು ಮರುಬಳಕೆಯ ರಾಸಾಯನಿಕಗಳು ದೊರೆಯುತ್ತವೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿರುವ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಂತಹ ದೊಡ್ಡ ಕಾರ್ಖಾನೆಗಳು ನಡೆಯುವುದು ಇದೇ ತತ್ತ್ವದ ಮೇಲೆ. ಜಗತ್ತಿನಾದ್ಯಂತ ಕಾಗದ ಉದ್ಯಮದಿಂದ ವರ್ಷಕ್ಕೆ 5 ಕೋಟಿ ಟನ್ನಿನಷ್ಟು ಲಿಗ್ನಿನ್ ಹೊರಬರುತ್ತದೆಂಬ ಅಂದಾಜಿದ್ದು, ಉತ್ಪನ್ನವಾಗಿ ಮಾರುಕಟ್ಟೆ ಸೇರುವುದು ಅದರ ಶೇ. 2ರ ಆಸುಪಾಸಿನ ಭಾಗ ಮಾತ್ರ. ಉಳಿದದ್ದೆಲ್ಲ ಬಹುತೇಕ ಇಂಧನವಾಗುತ್ತದೆ.

ಮಾರುಕಟ್ಟೆ ಸೇರುವ ಭಾಗದ ಉಪಯೋಗಗಳು ಹಲವು. ಲಿಗ್ನೋಸಲ್ಫೋನೇಟ್ ಎಂಬ ರೂಪವು ಕಾಂಕ್ರೀಟಿಗೆ ಸೇರಿಸುವ ನೀರುಳಿಕೆಯ ಮಿಶ್ರಕವಾಗಿ, ಮಣ್ಣು ರಸ್ತೆಯ ಧೂಳು ನಿಗ್ರಹಕ್ಕೆ, ಪಶು ಆಹಾರದ ಉಂಡೆಗಳನ್ನು ಕಟ್ಟಲು, ಸೀಸ-ಆಮ್ಲ ಬ್ಯಾಟರಿಯ ಋಣ ಫಲಕದಲ್ಲಿ ಅಲ್ಪ ಪ್ರಮಾಣದ ಸೇರ್ಪಡೆಯಾಗಿ ಬಳಕೆಯಾಗುತ್ತಿದೆ. ನಾರ್ವೆಯ ಬೋರೆಗಾರ್ಡ್ ಸಂಸ್ಥೆಯು 1962ರಿಂದ ಮರದ ಲಿಗ್ನಿನ್‌ನಿಂದ ವೆನಿಲಿನ್ ತಯಾರಿಸುತ್ತಿದೆ. ಐಸ್‌ಕ್ರೀಮಿಗೆ ವೆನಿಲ್ಲಾ ಪರಿಮಳ ನೀಡುವ ವಸ್ತು ಇದೇ.

ಇದರ ಜೊತೆಗೆ ಎಚ್ಚರಿಕೆಯ ಉದಾಹರಣೆಯೂ ಇದೆ. ಫಿನ್ಲೆಂಡಿನ ಸುನಿಲಾದಲ್ಲಿ ಸ್ಟೋರಾ ಎನ್ಸೋ ಸಂಸ್ಥೆಯು ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಲಿಗ್ನಿನ್ ಘಟಕವನ್ನು 2015ರಲ್ಲಿ ಆರಂಭಿಸಿತು. ಆದರೆ ಅಲ್ಲಿನ ತಿರುಳು ಕಾರ್ಖಾನೆಯನ್ನೇ 2023ರಲ್ಲಿ ಮುಚ್ಚಲಾಯಿತು. ಲಿಗ್ನಿನ್ ಘಟಕವು ಸಾಮಾನ್ಯವಾಗಿ ಮತ್ತೊಂದು ದೊಡ್ಡ ಕಾರ್ಖಾನೆಯ ಆಶ್ರಯದಲ್ಲಿ ಬದುಕುತ್ತದೆ. ಆಶ್ರಯ ನೀಡುವ ಕಾರ್ಖಾನೆ ನಿಂತರೆ ಘಟಕಕ್ಕೂ ನೆಲೆ ತಪ್ಪುತ್ತದೆ.

ನಮ್ಮ ದೇಶದಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ನಿಗಮವು ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ ಘಟಕವನ್ನು ಸ್ಥಾಪಿಸಿದ್ದು, 2022ರ ಆಗಸ್ಟ್ 10ರಂದು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ಉತ್ಪಾದಿಸುವ ಗುರಿಯ ಈ ಯೋಜನೆಯ ವೆಚ್ಚ 900 ಕೋಟಿ ರೂಪಾಯಿಗೂ ಅಧಿಕ. ಇಂತಹ ಘಟಕಗಳಲ್ಲಿ ಸೆಲ್ಯುಲೋಸ್ ಎಥನಾಲ್ ಆಗಿ, ಲಿಗ್ನಿನ್ ಶೇಷವಾಗಿ ಉಳಿಯುತ್ತದೆ. ಜೈವಿಕ ಡಾಂಬರಿನ ಯೋಚನೆಗೆ ಈ ಶೇಷವೂ ಒಂದು ಆಧಾರ. ಬೇರ್ಪಡಿಸಿದ ಲಿಗ್ನಿನ್‌ನ ಹಿಂದೆ ಎಷ್ಟು ದೊಡ್ಡ ಬಂಡವಾಳವಿದೆ ಎಂಬುದನ್ನು ಈ ಅಂಕಿಗಳಿಂದ ಅಂದಾಜಿಸಬಹುದು.

ಜಿಲ್ಲೆಯಲ್ಲಿ ಲಭ್ಯವಿರುವ ಸಸ್ಯತ್ಯಾಜ್ಯ

ರಾಮನಗರ: ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆ ಎಂದು ಖ್ಯಾತಿ ಪಡೆದ ಊರು. ಹುಳುವಿಗೆ ಸೊಪ್ಪು ನೀಡಿದ ನಂತರ ಪ್ರತಿ ಬೆಳೆಯಲ್ಲೂ ಹಿಪ್ಪುನೇರಳೆ ಕಡ್ಡಿ ಉಳಿಯುತ್ತದೆ. ಇದು ಒಲೆಗೆ, ಇಲ್ಲವೇ ತಿಪ್ಪೆಗೆ ಸೇರುತ್ತಿದೆ. ಇನ್ನೊಂದೆಡೆ ಗೂಡು ಬೇಯಿಸಲು ನೂಲು ಬಿಚ್ಚಾಣಿಕೆ ಘಟಕಗಳಿಗೆ ನಿರಂತರವಾಗಿ ಸೌದೆ ಬೇಕು.

ಚನ್ನಪಟ್ಟಣ: ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅರಗಿನ ಬಣ್ಣದ ಗೊಂಬೆಗಳ ತವರು. ಆಲೆ ಮರವನ್ನು ಕಡೆಯುವಾಗ ಹೊಟ್ಟು ಮತ್ತು ಸಿಬಿರು ಉಳಿಯುತ್ತವೆ. ಈ ತಾಲ್ಲೂಕಿನಲ್ಲಿ ತೆಂಗಿನ ತೋಟಗಳೂ ಇರುವುದರಿಂದ ಕಾಯಿ ಸಿಪ್ಪೆ, ಗರಿ ಮತ್ತು ಎಳನೀರು ಬುರುಡೆಗಳು ದೊರೆಯುತ್ತವೆ.

ಕನಕಪುರ ಮತ್ತು ಮಾಗಡಿ: ಮಾವಿನ ತೋಪುಗಳಲ್ಲಿ ಸವರಿದ ಕೊಂಬೆ, ರಾಗಿ ಹುಲ್ಲು, ತೊಗರಿ ಹಾಗೂ ಅವರೆ ಕಡ್ಡಿ ದೊರೆಯುತ್ತವೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ರಾಗಿ ಹುಲ್ಲನ್ನು ತ್ಯಾಜ್ಯವೆಂದು ಪರಿಗಣಿಸತಕ್ಕದ್ದಲ್ಲ. ಹೈನುಗಾರಿಕೆಯನ್ನೇ ನಂಬಿರುವ ಸಾವಿರಾರು ಕುಟುಂಬಗಳಿಗೆ ಅದು ಬೇಸಿಗೆಯ ಮೇವು. ಕಾರ್ಖಾನೆಯೊಂದು ಹುಲ್ಲು ಖರೀದಿಗೆ ಇಳಿದರೆ ಮೊದಲು ಏರುವುದು ಮೇವಿನ ಬೆಲೆ. ಹಾಗೆಯೇ ಗದ್ದೆ ತೋಟಗಳ ಎಲ್ಲ ಕಡ್ಡಿಕಸವನ್ನೂ ಹೊರಸಾಗಿಸಿದರೆ ಮಣ್ಣಿಗೆ ಮರಳಬೇಕಾದ ಸಾವಯವ ಅಂಶ ಕಡಿಮೆಯಾಗುತ್ತದೆ. ಆದ್ದರಿಂದ ಯೋಜನಾ ವರದಿಯಲ್ಲಿ ಕಚ್ಚಾವಸ್ತುವನ್ನು ತೋರಿಸುವಾಗ, ಪ್ರಸ್ತುತ ಆ ವಸ್ತು ಯಾರಿಗೆ ಯಾವ ಉಪಯೋಗಕ್ಕೆ ಬರುತ್ತಿದೆ ಎಂಬುದನ್ನೂ ನಮೂದಿಸುವುದು ಅಗತ್ಯ.

ಒಂದು ಸರಳ ಲೆಕ್ಕ

ದಿನಕ್ಕೆ 10 ಟನ್ ಲಿಗ್ನಿನ್ ತೆಗೆಯುವ ಘಟಕವನ್ನು ಊಹಿಸೋಣ. ಒಣ ಕಡ್ಡಿಯಲ್ಲಿ ಶೇ. 20ರಷ್ಟು ಲಿಗ್ನಿನ್ ಇದ್ದು, ಅದೆಲ್ಲವೂ ದೊರೆಯುವುದೆಂದು ಭಾವಿಸಿದರೂ ದಿನಕ್ಕೆ 50 ಟನ್ ಒಣ ಕಡ್ಡಿ ಬೇಕು. ಹಸಿ ಕಡ್ಡಿಯ ತೂಕದಲ್ಲಿ ಅರ್ಧದಷ್ಟು ನೀರಿದ್ದರೆ ಸಾಗಿಸಬೇಕಾದದ್ದು 100 ಟನ್. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ 2 ಟನ್ ಎಂದು ಹಿಡಿದರೆ ಪ್ರತಿದಿನ 50 ಲೋಡುಗಳಾಗುತ್ತವೆ. ಜೊತೆಗೆ ಲಿಗ್ನಿನ್ ತೆಗೆದ ನಂತರ ಉಳಿಯುವ 40 ಟನ್ ವಸ್ತುವಿಗೂ ಕೊಳ್ಳುವವರು ಬೇಕು. ಸಣ್ಣ ಹಿಡುವಳಿಗಳಲ್ಲಿ ಚದುರಿಹೋಗಿರುವ ಕಡ್ಡಿಯನ್ನು ವರ್ಷವಿಡೀ ಹೀಗೆ ಒಟ್ಟುಗೂಡಿಸುವುದು ಸುಲಭವಲ್ಲ. ಬಿಡದಿ ಸುತ್ತಮುತ್ತ ಕೃಷಿಭೂಮಿಯ ಬಳಕೆಯೇ ಬದಲಾಗುತ್ತಿದೆ. 2025ರಲ್ಲಿ ಇದೇ ಹೋಬಳಿಯ ಗ್ರಾಮಗಳಲ್ಲಿ ಸಮಗ್ರ ಉಪನಗರ ಯೋಜನೆಗಾಗಿ ಪ್ರಾಥಮಿಕ ಅಧಿಸೂಚನೆ ಹೊರಡಿಸಲಾಗಿದ್ದು, ರೈತರಿಂದ ವಿರೋಧವೂ ವ್ಯಕ್ತವಾಗಿದೆ. ಇಂದು ತೋಟವಿರುವ ಜಾಗದಲ್ಲಿ 10 ವರ್ಷಗಳ ನಂತರವೂ ತೋಟವಿರುವುದೆಂಬ ಊಹೆಯ ಮೇಲೆ ಸಾಲದ ಮರುಪಾವತಿಯನ್ನು ಲೆಕ್ಕ ಹಾಕುವುದು ಸೂಕ್ತವಲ್ಲ.

ನೀರಿನ ಪ್ರಶ್ನೆ

ಸಸ್ಯದಿಂದ ಲಿಗ್ನಿನ್ನನ್ನು ರಾಸಾಯನಿಕವಾಗಿ ಬೇರ್ಪಡಿಸಲು ಕ್ಷಾರ ಅಥವಾ ಆಮ್ಲ, ಶಾಖ ಮತ್ತು ಸಾಕಷ್ಟು ನೀರು ಬೇಕಾಗುತ್ತದೆ. ಹೊರಬರುವ ನೀರು ಗಾಢ ಕಂದು ಬಣ್ಣದ್ದಾಗಿದ್ದು, ಸಾಮಾನ್ಯ ಜೈವಿಕ ಶುದ್ಧೀಕರಣದಿಂದ ಆ ಬಣ್ಣ ಸುಲಭವಾಗಿ ಹೋಗುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಮಣಿಯದಿರುವ ಲಿಗ್ನಿನ್‌ನ ಗುಣವೇ ಇಲ್ಲಿ ತೊಡಕಾಗುತ್ತದೆ.

ಬಿಡದಿಯ ಮಟ್ಟಿಗೆ ಇದು ಅತ್ಯಂತ ಸೂಕ್ಷ್ಮ ವಿಷಯ. ಬೆಂಗಳೂರಿನ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯವನ್ನು ಹೊತ್ತು ಬರುವ ವೃಷಭಾವತಿ ನದಿಯು ಸಮೀಪದ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯನ್ನೂ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನೂ ಈ ನೀರು ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಜಲಾಶಯದ ನೊರೆ ಮತ್ತು ದುರ್ವಾಸನೆಯನ್ನು ಈ ಭಾಗದ ರೈತರು ದಶಕಗಳಿಂದ ಸಹಿಸಿಕೊಂಡು ಬಂದಿದ್ದಾರೆ. ಸಸ್ಯತ್ಯಾಜ್ಯದಿಂದ ತಯಾರಾದ ವಸ್ತು ಎಂಬ ಕಾರಣಕ್ಕೆ ಅದರ ತಯಾರಿಕೆಯೂ ಪರಿಸರಸ್ನೇಹಿ ಎಂದು ಭಾವಿಸಲಾಗದು. ಈ ಜಲಾನಯನ ಪ್ರದೇಶಕ್ಕೆ ಮತ್ತೊಂದು ಕಂದು ನೀರಿನ ಧಾರೆಯನ್ನು ಸೇರಿಸುವ ಯಾವುದೇ ಘಟಕವು, ಅದರ ಉತ್ಪನ್ನ ಎಷ್ಟೇ ಉಪಯುಕ್ತವಾಗಿದ್ದರೂ, ಜಿಲ್ಲೆಗೆ ಲಾಭಕ್ಕಿಂತ ಹೆಚ್ಚು ನಷ್ಟವನ್ನು ಉಂಟುಮಾಡುತ್ತದೆ. ತೆಂಗಿನ ನಾರಿನ ಪುಡಿಯನ್ನು ತೊಳೆಯುವ ಸಣ್ಣ ಘಟಕಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಾರ್ಯಸಾಧ್ಯವಾದ ಮಾರ್ಗಗಳು

ಮೊದಲನೆಯದು, ಲಿಗ್ನಿನ್ನನ್ನು ಬೇರ್ಪಡಿಸದೆಯೇ ಬಳಸುವ ಮಾರ್ಗ. ಹಿಪ್ಪುನೇರಳೆ ಕಡ್ಡಿ, ಮರದ ಹೊಟ್ಟು, ಮಾವಿನ ಕೊಂಬೆಗಳನ್ನು ಪುಡಿ ಮಾಡಿ, ಒಣಗಿಸಿ, ಅಧಿಕ ಒತ್ತಡದಲ್ಲಿ ಅಚ್ಚೊತ್ತಿದರೆ ಅವುಗಳಲ್ಲಿರುವ ಲಿಗ್ನಿನ್ ಮೆದುವಾಗಿ ಪುಡಿಯನ್ನು ಹಿಡಿದಿಡುತ್ತದೆ. ಬೇರೆ ಅಂಟಿನ ಅಗತ್ಯವಿಲ್ಲದೆ ಇಂಧನ ಬ್ರಿಕೆಟ್‌ಗಳು ಸಿದ್ಧವಾಗುತ್ತವೆ. ಇದರಲ್ಲಿ ತ್ಯಾಜ್ಯ ನೀರು ಹೊರಬರುವುದಿಲ್ಲ. ಧೂಳು ನಿಯಂತ್ರಣ ಮತ್ತು ಬೆಂಕಿಯಿಂದ ರಕ್ಷಣೆ ಮುಖ್ಯ. ನೂಲು ಬಿಚ್ಚಾಣಿಕೆ ಘಟಕಗಳ ಒಲೆಗಳೂ, ಕೈಗಾರಿಕಾ ಪ್ರದೇಶದ ಬಾಯ್ಲರುಗಳೂ ಇದಕ್ಕೆ ಹತ್ತಿರದ ಗಿರಾಕಿಗಳಾಗಬಲ್ಲವು. ಗೂಡು ಬೆಳೆದ ಕಡ್ಡಿಯೇ ಗೂಡು ಬೇಯಿಸುವ ಇಂಧನವಾಗುವುದು ಈ ಜಿಲ್ಲೆಗೆ ಸಹಜವಾಗಿ ಹೊಂದುವ ವ್ಯವಸ್ಥೆ. ಈ ದಿಕ್ಕಿನಲ್ಲಿ ಹಿಂದೆಯೂ ಪ್ರಯತ್ನಗಳು ನಡೆದಿವೆ. 1988ರಲ್ಲಿ ಮಾಗಡಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಕಟ್ಟಿಗೆಯಿಂದ ಅನಿಲ ಪಡೆದು ವಿದ್ಯುತ್ ಒದಗಿಸುವ ವ್ಯವಸ್ಥೆಯನ್ನು ಸ್ಥಾಪಿಸಿತ್ತು. 1990ರ ದಶಕದಲ್ಲಿ ಟೆರಿ ಸಂಸ್ಥೆಯು ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೊಂದುವ ಅನಿಲೀಕಾರಕ ಒಲೆಗಳನ್ನು ರೂಪಿಸಿತ್ತು.

ತೆಂಗಿನ ಸಿಪ್ಪೆಯನ್ನು ಪುಡಿ ಮಾಡಿ ಬಿಸಿಯಲ್ಲಿ ಅದುಮಿ, ಅದರದ್ದೇ ಲಿಗ್ನಿನ್ ಅಂಟಾಗಿ ಗಟ್ಟಿ ಹಲಗೆ ತಯಾರಿಸಬಹುದೆಂದು ನೆದರ್ಲೆಂಡ್ಸ್‌ನ ವಾಗೆನಿಂಗೆನ್ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ನಾರಿನ ಪುಡಿಯನ್ನು ಗೊಬ್ಬರವಾಗಿಸಲು ತೆಂಗಿನ ನಾರು ಮಂಡಳಿಯು ಪಿತ್ ಪ್ಲಸ್ ಎಂಬ ವಿಧಾನವನ್ನು ಬಳಕೆಗೆ ತಂದಿದೆ. ಲಿಗ್ನಿನ್ನನ್ನು ಕರಗಿಸಬಲ್ಲ ಅಣಬೆಯೊಂದನ್ನು ಬಳಸಿ ಸುಮಾರು 30 ದಿನಗಳಲ್ಲಿ ಗೊಬ್ಬರ ಪಡೆಯುವುದು ಇದರ ಕ್ರಮ. ಅಲ್ಪ ಬಂಡವಾಳದ ಅರ್ಜಿದಾರರಿಗೂ, ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳಿಗೂ ಇದು ಎಟುಕುವಂಥದ್ದು.

ಎರಡನೆಯದು, ಬೇರೆಡೆ ತಯಾರಾದ ಲಿಗ್ನಿನ್ನನ್ನು ಖರೀದಿಸಿ ಉತ್ಪನ್ನ ತಯಾರಿಸುವ ಮಾರ್ಗ. ಕಾಂಕ್ರೀಟ್ ಮಿಶ್ರಕ, ಧೂಳು ನಿಗ್ರಹಕ, ಪಶು ಆಹಾರದ ಬಂಧಕ ಮುಂತಾದವು ಈ ಗುಂಪಿಗೆ ಸೇರುತ್ತವೆ. ಪ್ಲೈವುಡ್ ಅಂಟಿನಲ್ಲಿ ಪೆಟ್ರೋಲಿಯಂ ಮೂಲದ ಫೀನಾಲ್‌ನ ಒಂದಂಶಕ್ಕೆ ಬದಲಾಗಿ ಲಿಗ್ನಿನ್ ಬಳಸುವ ಕುರಿತು, 1962ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ. ಬೆಂಗಳೂರಿನ ನಿರ್ಮಾಣ ಕ್ಷೇತ್ರದ ಸಾಮೀಪ್ಯ ಹಾಗೂ ಮೈಸೂರು ಹೆದ್ದಾರಿಯ ಸಂಪರ್ಕವಿರುವ ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಈ ಮಾರ್ಗವು ಹೆಚ್ಚು ಹೊಂದಿಕೆಯಾಗುತ್ತದೆ. ಇಲ್ಲಿ ಯಶಸ್ಸನ್ನು ನಿರ್ಧರಿಸುವುದು ಗುಣಮಟ್ಟದ ಪರೀಕ್ಷೆ ಮತ್ತು ಖಚಿತ ಗಿರಾಕಿ.

ಮೂರನೆಯದು, ಸಸ್ಯದಿಂದಲೇ ಲಿಗ್ನಿನ್ ಬೇರ್ಪಡಿಸುವುದು ಹಾಗೂ ಅದರಿಂದ ಇಂಗಾಲದ ಎಳೆ ಮುಂತಾದ ಉನ್ನತ ವಸ್ತುಗಳನ್ನು ಪಡೆಯುವುದು. 1997ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ವಾಹನ ಬಿಡಿಭಾಗಗಳ ಉದ್ದಿಮೆಗಳು ಬೆಳೆದಿರುವ ಬಿಡದಿಯಲ್ಲಿ ಇದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಲಿಗ್ನಿನ್ ಮೂಲದ ಇಂಗಾಲದ ಎಳೆ ಇನ್ನೂ ಸಂಶೋಧನೆಯ ಹಾದಿಯಲ್ಲಿದೆ. ಗಿಡದಿಂದ ಗಿಡಕ್ಕೆ, ತೆಗೆಯುವ ವಿಧಾನದಿಂದ ವಿಧಾನಕ್ಕೆ ಲಿಗ್ನಿನ್‌ನ ರಚನೆ ಬದಲಾಗುವುದರಿಂದ ಒಂದೇ ಗುಣಮಟ್ಟ ಕಾಯ್ದುಕೊಳ್ಳುವುದು ಕಷ್ಟ. ಈ ಮಾರ್ಗವನ್ನು ಸಂಶೋಧನಾ ಸಂಸ್ಥೆಗಳ ಸಹಭಾಗಿತ್ವವಿಲ್ಲದೆ ವೈಯಕ್ತಿಕ ಸಾಲದ ಬಲದಿಂದ ಕೈಗೊಳ್ಳುವುದು ಸೂಕ್ತವಲ್ಲ.

ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಹಯೋಗದಲ್ಲಿ ಕೈಗೊಂಡ 11.5 ಮೆಗಾವ್ಯಾಟ್ ಸಾಮರ್ಥ್ಯದ, ದಿನಕ್ಕೆ 600 ಟನ್ ತ್ಯಾಜ್ಯ ಬಳಸುವ ವಿದ್ಯುತ್ ಘಟಕವನ್ನು ಕೆಲವರು ಇದೇ ಬಗೆಯ ಯೋಜನೆಯೆಂದು ತಿಳಿಯುವ ಸಂಭವವಿದೆ. ಅದು ನಗರದ ಘನತ್ಯಾಜ್ಯಕ್ಕಾಗಿ ರೂಪಿಸಿದ ಘಟಕ. ಕೃಷಿತ್ಯಾಜ್ಯದ ಉದ್ದಿಮೆಗೆ ಅದನ್ನು ಮಾದರಿಯಾಗಿ ಭಾವಿಸತಕ್ಕದ್ದಲ್ಲ.

ಅರ್ಜಿದಾರರ ಗಮನಕ್ಕೆ

1. ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ರೂಪಾಯಿ ಹಾಗೂ ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕಗಳು ಅತಿ ಸಣ್ಣ ಉದ್ದಿಮೆಗಳಾಗಿರುತ್ತವೆ.

2. ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಅಧಿನಿಯಮ, 2002ರ ಅನ್ವಯ 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯು ಪರಿಶೀಲಿಸುತ್ತದೆ. ಮೊದಲ ಭೇಟಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಿಂದಲೇ ಆರಂಭಿಸುವುದು ಅನುಕೂಲಕರ.

3. ಜಲ ಅಧಿನಿಯಮ, 1974 ಮತ್ತು ವಾಯು ಅಧಿನಿಯಮ, 1981ರ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯ ಅಗತ್ಯವನ್ನು ನಿವೇಶನ ಖರೀದಿಗೆ ಮುನ್ನವೇ ದೃಢಪಡಿಸಿಕೊಳ್ಳತಕ್ಕದ್ದು. ತಿರುಳು ತಯಾರಿಕೆ ಅಥವಾ ಸಂಶ್ಲೇಷಿತ ರಾಳದ ತಯಾರಿಕೆ ಒಳಗೊಂಡಿದ್ದಲ್ಲಿ 2006ರ ಪರಿಸರ ಪರಿಣಾಮ ನಿರ್ಧರಣೆ ಅಧಿಸೂಚನೆಯ ಅನ್ವಯವನ್ನೂ ಪರಿಶೀಲಿಸತಕ್ಕದ್ದು.

4. ಕೃಷಿ ಜಮೀನಿನಲ್ಲಿ ಘಟಕ ಸ್ಥಾಪಿಸುವವರು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಂತೆ ಭೂಪರಿವರ್ತನೆಯ ಬಗ್ಗೆ ವಿಚಾರಿಸತಕ್ಕದ್ದು. ಬಾಯ್ಲರ್ ಬಳಸುವವರು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.

5. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಗಳ ಗರಿಷ್ಠ ಯೋಜನಾ ವೆಚ್ಚವನ್ನು 2022ರಲ್ಲಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಹೆಚ್ಚಿಸಲಾಯಿತು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಕೇಂದ್ರದಲ್ಲಿ ದೃಢಪಡಿಸಿಕೊಳ್ಳಬೇಕು.

6. ಸಕಾಲ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಬೇಕು. ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಅದೇ ಆಧಾರ.

7. ಯಂತ್ರ ಮಾರುವವರು ನೀಡುವ ಲಾಭದ ಲೆಕ್ಕವನ್ನು ಮಾತ್ರ ನಂಬದೆ, ಅಂತಹ ಯಂತ್ರ ಕನಿಷ್ಠ ಒಂದು ವರ್ಷ ನಡೆದಿರುವ ಘಟಕವನ್ನು ಕಣ್ಣಾರೆ ನೋಡಿ ಬರುವುದು ಒಳಿತು. ಮಳೆಗಾಲದಲ್ಲಿ ಅಲ್ಲಿ ಕಚ್ಚಾವಸ್ತುವನ್ನು ಹೇಗೆ ಒಣಗಿಸುತ್ತಾರೆ ಎಂಬುದನ್ನು ವಿಶೇಷವಾಗಿ ವಿಚಾರಿಸಬೇಕು.

ಉಪಸಂಹಾರ

ಲಿಗ್ನಿನ್ ಕುರಿತ ಆಸಕ್ತಿಯು ಸಕಾರಣವಾದದ್ದು. ಕೇಂದ್ರ ಸರ್ಕಾರವು 2024ರ ಆಗಸ್ಟ್‌ನಲ್ಲಿ ಅನುಮೋದಿಸಿದ ಬಯೋಇ3 ನೀತಿಯೂ ಜೈವಿಕ ಮೂಲದ ಉತ್ಪಾದನೆಗೆ ಒತ್ತು ನೀಡಿದೆ. ಆದರೆ ನಮ್ಮ ಜಿಲ್ಲೆಯ ಪರಿಸ್ಥಿತಿಯಲ್ಲಿ ಮೊದಲ ಹೆಜ್ಜೆ ಇಡಬೇಕಾದದ್ದು ತ್ಯಾಜ್ಯ ನೀರು ಹೊರಬಿಡದ ಬ್ರಿಕೆಟ್, ಹಲಗೆ ಮತ್ತು ಗೊಬ್ಬರದ ಘಟಕಗಳಲ್ಲಿ. ಎರಡನೆಯ ಹೆಜ್ಜೆ ಖರೀದಿಸಿದ ಲಿಗ್ನಿನ್‌ನಿಂದ ಉತ್ಪನ್ನ ತಯಾರಿಸುವುದರಲ್ಲಿ. ಬೇರ್ಪಡಿಸುವ ಘಟಕಗಳು ಬರುವುದಾದರೆ, ಬಳಸಿದ ನೀರನ್ನು ಸಂಪೂರ್ಣವಾಗಿ ಶುದ್ಧೀಕರಿಸಿ ಘಟಕದೊಳಗೇ ಮರುಬಳಸುವ ವ್ಯವಸ್ಥೆಯೊಂದಿಗೇ ಬರಬೇಕು. ಅರ್ಜಿದಾರರು ತಮ್ಮ ಯೋಜನಾ ವರದಿಯಲ್ಲಿ ಕಡ್ಡಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ, ಉತ್ಪನ್ನವನ್ನು ಯಾರು ಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ನೀಡಿದಲ್ಲಿ ಅರ್ಜಿಯ ಪರಿಶೀಲನೆಯೂ ಸುಗಮವಾಗುತ್ತದೆ, ಹೂಡಿದ ಬಂಡವಾಳಕ್ಕೂ ರಕ್ಷಣೆ ಇರುತ್ತದೆ.